ಎಂಟನೇ ತರಗತಿಯ ಆಲ್ಜೀಬ್ರಾ: ಪಬ್ಲಿಕ್ ಶಾಲೆಯಲ್ಲೇ ಸಿಗಬೇಕೇ, ಹೊರಗಿನ ತರಗತಿಗೆ ಕಳಿಸಬೇಕೇ?

ಕಾವೇರಿತೀರ (ಈಸ್ಟ್ ಬೇ, ಕ್ಯಾಲಿಫೋರ್ನಿಯಾ)

ಎಲ್ಲರಿಗೂ ನಮಸ್ಕಾರ. ಮಕ್ಕಳನ್ನು ಇಲ್ಲಿನ ಪಬ್ಲಿಕ್ ಶಾಲೆಗೆ, ಅಂದರೆ ಸರ್ಕಾರಿ ಶಾಲೆಗೆ, ಕಳಿಸುತ್ತಿರುವ ಕನ್ನಡಿಗ ಪೋಷಕರ ಅನುಭವವನ್ನೂ ಅಭಿಪ್ರಾಯವನ್ನೂ ಕೇಳಲೆಂದು ಈ ಚರ್ಚೆಯನ್ನು ಆರಂಭಿಸುತ್ತಿದ್ದೇನೆ. ನನ್ನ ಮಗಳು ಐದನೇ ತರಗತಿಯಲ್ಲಿದ್ದಾಳೆ, ಮುಂದಿನ ವರ್ಷ ಮಿಡಲ್ ಸ್ಕೂಲ್ (6ರಿಂದ 8ನೇ ತರಗತಿ) ಸೇರುತ್ತಾಳೆ. ಗಣಿತದಲ್ಲಿ ಅವಳಿಗೆ ನಿಜವಾದ ಆಸಕ್ತಿಯಿದೆ. ಕೊಟ್ಟ ಲೆಕ್ಕಗಳನ್ನು ಬೇಗನೆ ಮುಗಿಸಿ ಉಳಿದವರಿಗಾಗಿ ಕಾಯುತ್ತ ಕೂರುತ್ತಾಳೆ ಎಂದು ಅವಳ ಶಿಕ್ಷಕಿಯೇ ಹೇಳುತ್ತಾರೆ. ಕನ್ನಡ ಕೂಟದ ಯಾವ ಸಮಾರಂಭಕ್ಕೆ ಹೋದರೂ ಅವಳ ವಯಸ್ಸಿನ ಮಕ್ಕಳ ತಂದೆತಾಯಿಯರು ನನ್ನನ್ನು ಕೇಳುವುದು ಒಂದೇ ಪ್ರಶ್ನೆ: ಮ್ಯಾಥ್‌ಗೆ ಎಲ್ಲಿಗೆ ಹಾಕಿದ್ದೀರಿ?

ಹೊಸದಾಗಿ ಬಂದವರಿಗಾಗಿ ಇಲ್ಲಿನ ಕ್ರಮವನ್ನು ಹೇಳುತ್ತೇನೆ. ಕ್ಯಾಲಿಫೋರ್ನಿಯಾದ ಹೆಚ್ಚಿನ ಶಾಲೆಗಳಲ್ಲಿ 9ನೇ ತರಗತಿಗೆ ಆಲ್ಜೀಬ್ರಾ 1 (ಬೀಜಗಣಿತ), 10ಕ್ಕೆ ಜಾಮೆಟ್ರಿ (ರೇಖಾಗಣಿತ), 11ಕ್ಕೆ ಆಲ್ಜೀಬ್ರಾ 2, 12ಕ್ಕೆ ಪ್ರೀಕ್ಯಾಲ್ಕುಲಸ್ ಬರುತ್ತದೆ. ಈ ದಾರಿಯಲ್ಲೇ ನಡೆದ ವಿದ್ಯಾರ್ಥಿ ಹೈಸ್ಕೂಲ್ ಮುಗಿಸುವ ಹೊತ್ತಿಗೆ ಕ್ಯಾಲ್ಕುಲಸ್ ಕಲಿತಿರುವುದಿಲ್ಲ. ಕಲಿಯಬೇಕಾದರೆ ಎಲ್ಲೋ ಒಂದು ಕಡೆ ಒಂದು ವರ್ಷವನ್ನು ಉಳಿಸಬೇಕು, ಮತ್ತು ಹಾಗೆ ಉಳಿಸುವ ಅತ್ಯಂತ ಸಹಜವಾದ ವಿಧಾನವೆಂದರೆ ಎಂಟನೇ ತರಗತಿಯಲ್ಲೇ ಆಲ್ಜೀಬ್ರಾ 1 ಮುಗಿಸುವುದು. ಎಂಜಿನಿಯರಿಂಗ್ ಅಥವಾ ವಿಜ್ಞಾನ ಓದಬೇಕೆಂಬ ಮಗುವಿಗೆ ಮುಂದಿನ ದಾರಿ ಹೀಗೆ ಹನ್ನೊಂದು, ಹನ್ನೆರಡನೆಯ ವಯಸ್ಸಿನಲ್ಲೇ ಕವಲೊಡೆಯುತ್ತದೆ.

ಊರಿನ ಪಬ್ಲಿಕ್ ಶಾಲೆಗಳನ್ನು ನಡೆಸುವ ನಮ್ಮ ಡಿಸ್ಟ್ರಿಕ್ಟ್ ಈ ಅವಕಾಶವನ್ನು ಒಂದು ಪರೀಕ್ಷೆಯ ಮೂಲಕ ಕೊಡುತ್ತದೆ. ಪೋಷಕರ ಸಭೆಯಲ್ಲಿ ನನಗೆ ಅರ್ಥವಾದ ಮಟ್ಟಿಗೆ, ಆ ಪರೀಕ್ಷೆಯಲ್ಲಿ ಉತ್ತೀರ್ಣರಾಗುವವರಲ್ಲಿ ಹೆಚ್ಚಿನವರು ಹೊರಗೆ ತಯಾರಿ ಮಾಡಿಕೊಂಡು ಬಂದ ಮಕ್ಕಳೇ. ಹಾಗಿದ್ದರೆ ಶಾಲೆ ಕೊಡುತ್ತಿರುವುದು ಕಲಿಸುವ ಅವಕಾಶವೋ, ಬೇರೆಡೆ ಹಣ ಕೊಟ್ಟು ಕಲಿತದ್ದಕ್ಕೆ ಹಾಕುವ ಮುದ್ರೆಯೋ ಎಂಬ ಸಂದೇಹ ನನ್ನನ್ನು ಬಿಟ್ಟಿಲ್ಲ. ಹೊರಗಿನ ತರಗತಿಯ ಶುಲ್ಕ ಕಟ್ಟುವ ಶಕ್ತಿ ನಮಗಿದೆ. ಆದರೆ ಮಗಳ ಪಕ್ಕದಲ್ಲಿ ಕೂರುವ, ಅವಳಷ್ಟೇ ಚುರುಕಾದ ಹುಡುಗನ ತಾಯಿಗೆ ಆ ಶಕ್ತಿಯಿಲ್ಲ ಎಂಬುದು ನನಗೆ ಗೊತ್ತಿದೆ. ನಾನು ಶುಲ್ಕ ಕಟ್ಟಿ ಸುಮ್ಮನಾಗಬೇಕೇ, ಶಾಲೆಯನ್ನು ಕೇಳಬೇಕೇ? ಕೇಳುವುದಾದರೆ ಏನನ್ನು ಕೇಳಬೇಕು?

ಮಲೆನಾಡಿಗ (ಸ್ಯಾನ್ ಹೊಸೆ)

ಮೇಡಂ, ನಿಮ್ಮ ಕಾಳಜಿ ನ್ಯಾಯವಾದುದು. ಆದರೂ ಎರಡು ಮಕ್ಕಳನ್ನು ಈ ದಾರಿಯಲ್ಲಿ ದಾಟಿಸಿದ ತಂದೆಯಾಗಿ, ಮೊದಲು ನಿಮ್ಮ ಮಗಳ ವ್ಯವಸ್ಥೆ ಮಾಡಿ, ಆಮೇಲೆ ಶಾಲೆಯೊಡನೆ ಮಾತಾಡಿ ಎನ್ನುತ್ತೇನೆ. ಡಿಸ್ಟ್ರಿಕ್ಟ್‌ನ ನೀತಿ ಬದಲಾಗುವುದಕ್ಕೆ ಬೇಕಾಗುವ ವರ್ಷಗಳಲ್ಲಿ ಮಗು ಮಿಡಲ್ ಸ್ಕೂಲನ್ನೇ ಮುಗಿಸಿಬಿಟ್ಟಿರುತ್ತದೆ.

ಹೊರಗಿನ ತರಗತಿಗಳೆಂದು ಎಲ್ಲವನ್ನೂ ಒಂದೇ ಹೆಸರಿನಿಂದ ಕರೆಯುವುದರಿಂದ ಗೊಂದಲವಾಗುತ್ತದೆ, ಏಕೆಂದರೆ ಅವುಗಳ ಉದ್ದೇಶವೇ ಬೇರೆ ಬೇರೆ. ಕುಮೋನ್ ಪದ್ಧತಿಯನ್ನು ಆರಂಭಿಸಿದವರು ಜಪಾನಿನ ಗಣಿತ ಶಿಕ್ಷಕ ತೋರು ಕುಮೋನ್. 1954ರಲ್ಲಿ ಎರಡನೇ ತರಗತಿಯಲ್ಲಿದ್ದ ತಮ್ಮ ಮಗನಿಗಾಗಿ ಅವರು ಕೈಯಾರೆ ಬರೆದುಕೊಟ್ಟ ಅಭ್ಯಾಸದ ಹಾಳೆಗಳಿಂದ ಅದು ಬೆಳೆಯಿತು. ದಿನವೂ ಸ್ವಲ್ಪ, ಸ್ವಂತವಾಗಿ, ಪೂರ್ತಿ ಹಿಡಿತ ಸಿಗುವ ತನಕ ಮಾಡಿಸುವುದು ಅದರ ಜೀವಾಳ. ಲೆಕ್ಕ ಮಾಡುವ ವೇಗ ಮತ್ತು ತಪ್ಪಿಲ್ಲದ ಅಭ್ಯಾಸ ಅದರಿಂದ ಬರುತ್ತದೆ, ಹೊಸ ಸಮಸ್ಯೆಯ ಎದುರು ಕುಳಿತು ಯೋಚಿಸುವ ಅಭ್ಯಾಸ ಅಷ್ಟಾಗಿ ಬರುವುದಿಲ್ಲ. ರಷ್ಯನ್ ಸ್ಕೂಲ್ ಆಫ್ ಮ್ಯಾಥಮ್ಯಾಟಿಕ್ಸ್‌ನಲ್ಲಿ ವಾರಕ್ಕೊಮ್ಮೆ ತರಗತಿ ನಡೆಯುತ್ತದೆ, ಮಕ್ಕಳು ಕಾರಣ ಹೇಳಲೇಬೇಕು, ಚಿಕ್ಕ ವಯಸ್ಸಿನಲ್ಲೇ ಅಕ್ಷರಗಳನ್ನು ಬಳಸಿ ಯೋಚಿಸುವುದನ್ನು ಕಲಿಸುತ್ತಾರೆ. ಆರ್ಟ್ ಆಫ್ ಪ್ರಾಬ್ಲಮ್ ಸಾಲ್ವಿಂಗ್ ಸ್ಪರ್ಧಾ ಗಣಿತದಿಂದ ಹುಟ್ಟಿದ ಸಂಸ್ಥೆ. ಅದರ ಪುಸ್ತಕಗಳಲ್ಲಿ ಸಮಸ್ಯೆ ಮೊದಲು, ಸೂತ್ರ ಆಮೇಲೆ. ಚಿಕ್ಕ ಮಕ್ಕಳಿಗಾಗಿ ಅವರೇ ರೂಪಿಸಿದ ಬೀಸ್ಟ್ ಅಕಾಡೆಮಿ ಚಿತ್ರಕಥೆಯ ರೂಪದಲ್ಲಿದೆ, ನಿಮ್ಮ ಮಗಳ ವಯಸ್ಸಿಗೆ ಹೇಳಿ ಮಾಡಿಸಿದಂತಿದೆ. ಇನ್ನು ಶಾಲೆಯ ಪರೀಕ್ಷೆಗೆಂದೇ ತಯಾರು ಮಾಡುವ ಸಣ್ಣ ಕೇಂದ್ರಗಳೂ ಇವೆ. ಅಲ್ಲಿ ಮಗು ಮುಂದಿನ ವರ್ಷದ ಪಾಠವನ್ನು ಈ ವರ್ಷ ಕಲಿಯುತ್ತದೆ, ಅಷ್ಟೇ.

ನನ್ನ ದೊಡ್ಡ ಮಗಳಿಗೆ ಕೊನೆಯ ಬಗೆಯ ಕೇಂದ್ರ ಬೇಸರ ತಂದಿತು, ಮಗನಿಗೆ ಮೂರನೆಯ ಬಗೆಯದು ತುಂಬ ಹಿಡಿಸಿತು. ಮಗುವಿನ ಸ್ವಭಾವ ನೋಡಿ ಆರಿಸಿಕೊಳ್ಳಿ. ತಿಂಗಳಿಗೆ ನೂರಾರು ಡಾಲರ್ ಖರ್ಚಾಗುತ್ತದೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಮೂವತ್ತು ಮಕ್ಕಳ ತರಗತಿಯಲ್ಲಿ ಒಬ್ಬ ಶಿಕ್ಷಕಿ ಎಲ್ಲರ ಹಸಿವನ್ನೂ ತಣಿಸಬೇಕೆಂದು ನಿರೀಕ್ಷಿಸುವುದು ಅವರಿಗೂ ಅನ್ಯಾಯವೇ.

ಮಂಜಿನೂರಿನ ಕನ್ನಡತಿ (ಸ್ಯಾನ್ ಫ್ರಾನ್ಸಿಸ್ಕೊ)

ಮಲೆನಾಡಿಗ ಅವರ ಸಲಹೆ ಒಂದು ಮನೆಯ ಮಟ್ಟಿಗೆ ಸರಿ. ಇಡೀ ಊರು ಅದೇ ಸಲಹೆಯನ್ನು ಪಾಲಿಸಿದರೆ ಏನಾಗುತ್ತದೆ ಎಂಬುದನ್ನು ನಾವು ಇಲ್ಲಿ ಹತ್ತು ವರ್ಷ ಕಂಡಿದ್ದೇವೆ, ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಹಿನ್ನೆಲೆ ಹೀಗಿದೆ. ಕ್ಯಾಲಿಫೋರ್ನಿಯಾದ 1997ರ ಗಣಿತ ಮಾನದಂಡಗಳು ಎಂಟನೇ ತರಗತಿಗೇ ಆಲ್ಜೀಬ್ರಾ ಇರಬೇಕೆಂಬ ಗುರಿ ಇಟ್ಟುಕೊಂಡಿದ್ದವು. 2008ರಲ್ಲಿ ರಾಜ್ಯ ಶಿಕ್ಷಣ ಮಂಡಳಿ ಎಂಟನೇ ತರಗತಿಯ ಎಲ್ಲ ಮಕ್ಕಳಿಗೂ ಆಲ್ಜೀಬ್ರಾ ಪರೀಕ್ಷೆ ಕಡ್ಡಾಯ ಮಾಡಲು ಹೊರಟಿತು, ನ್ಯಾಯಾಲಯ ಅದನ್ನು ತಡೆಯಿತು. 2010ರಲ್ಲಿ ಹಲವು ರಾಜ್ಯಗಳಿಗೆ ಸಮಾನವಾದ ಕಾಮನ್ ಕೋರ್ ಮಾನದಂಡಗಳು ಬಂದ ಮೇಲೆ ಗಾಳಿ ತಿರುಗಿತು. ತಯಾರಿಲ್ಲದ ಮಕ್ಕಳನ್ನು ಆಲ್ಜೀಬ್ರಾಕ್ಕೆ ತಳ್ಳಿ ಅನುತ್ತೀರ್ಣಗೊಳಿಸಲಾಗುತ್ತಿದೆ, ಜೊತೆಗೆ ಕಪ್ಪು ಮತ್ತು ಲ್ಯಾಟಿನೋ ಮಕ್ಕಳು ಕೆಳಗಿನ ತರಗತಿಗಳಲ್ಲೇ ಉಳಿಯುತ್ತಿದ್ದಾರೆ ಎಂಬ ಎರಡೂ ದೂರುಗಳು ಬಂದವು. ಎರಡೂ ಸುಳ್ಳಾಗಿರಲಿಲ್ಲ. 2014ರಲ್ಲಿ ನಮ್ಮ ಡಿಸ್ಟ್ರಿಕ್ಟ್ ಎಂಟನೇ ತರಗತಿಯ ಆಲ್ಜೀಬ್ರಾವನ್ನೇ ನಿಲ್ಲಿಸಿ, ಎಲ್ಲ ಮಕ್ಕಳೂ ಒಂದೇ ಗಣಿತವನ್ನು ಒಟ್ಟಿಗೆ ಕಲಿಯಲಿ ಎಂದು ನಿರ್ಧರಿಸಿತು. ಆ ನಿರ್ಧಾರದ ಹಿಂದಿದ್ದ ಸದುದ್ದೇಶವನ್ನು ನಾನು ಗೌರವಿಸುತ್ತೇನೆ.

ಆದರೆ ಕ್ಯಾಲ್ಕುಲಸ್ ಬೇಕೆನ್ನುವ ಮಕ್ಕಳ ಸಂಖ್ಯೆ ಅದರಿಂದ ಕಡಿಮೆಯಾಗಲಿಲ್ಲ. ಅವರಿಗೆ ಉಳಿದ ದಾರಿಗಳೆಂದರೆ, ಒಂಬತ್ತನೇ ತರಗತಿಯಲ್ಲಿ ಎರಡೆರಡು ಗಣಿತ ತೆಗೆದುಕೊಳ್ಳುವುದು, ಹನ್ನೊಂದರಲ್ಲಿ ಆಲ್ಜೀಬ್ರಾ 2 ಮತ್ತು ಪ್ರೀಕ್ಯಾಲ್ಕುಲಸ್ ಎರಡನ್ನೂ ಒಂದೇ ವರ್ಷಕ್ಕೆ ಅದುಮಿದ ಕೋರ್ಸಿಗೆ ಸೇರುವುದು, ಅಥವಾ ಹೊರಗೆ ಹಣ ಕೊಟ್ಟು ಆನ್‌ಲೈನ್‌ನಲ್ಲಿ ಆಲ್ಜೀಬ್ರಾ 1 ಮುಗಿಸಿ, ಡಿಸ್ಟ್ರಿಕ್ಟ್ ನಡೆಸುವ ದೃಢೀಕರಣ ಪರೀಕ್ಷೆ ಬರೆದು, ಒಂಬತ್ತನೇ ತರಗತಿಗೆ ನೇರವಾಗಿ ಜಾಮೆಟ್ರಿಗೆ ಹೋಗುವುದು. ಮೂರನೆಯ ದಾರಿ ಯಾವ ಮನೆಯ ಮಕ್ಕಳಿಗೆ ತೆರೆದಿತ್ತು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸ್ಟ್ಯಾನ್‌ಫರ್ಡ್‌ನ ಸಂಶೋಧಕರು 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ನೀತಿ ಬದಲಾದ ಮೇಲೆ ಹೈಸ್ಕೂಲಿನಲ್ಲೇ ಕಲಿಸುವ ಕಾಲೇಜು ಮಟ್ಟದ ಎಪಿ ಗಣಿತಕ್ಕೆ ಸೇರುವವರ ಪ್ರಮಾಣ ಮೊದಲು ಇಳಿಯಿತು, ಅದುಮಿದ ಕೋರ್ಸ್ ಬಂದ ಮೇಲೆ ಸ್ವಲ್ಪ ಚೇತರಿಸಿಕೊಂಡಿತು, ಆದರೆ ಯಾವ ಅಂತರವನ್ನು ಕಡಿಮೆ ಮಾಡಲೆಂದು ಇದನ್ನೆಲ್ಲ ಮಾಡಲಾಯಿತೋ ಆ ಜನಾಂಗೀಯ ಅಂತರ ಹಾಗೆಯೇ ಉಳಿಯಿತು. 2024ರ ಫೆಬ್ರುವರಿಯಲ್ಲಿ ಶಾಲಾ ಮಂಡಳಿಯೇ ಆಲ್ಜೀಬ್ರಾವನ್ನು ಮರಳಿ ತರಲು ಮತ ಹಾಕಿತು. ಮರು ತಿಂಗಳು ನಗರದ ಮತದಾರರ ಮುಂದೆ ಅದೇ ಬೇಡಿಕೆಯ ಪ್ರಪೊಸಿಷನ್ ಜಿ ಬಂದಾಗ, ಅದು ಡಿಸ್ಟ್ರಿಕ್ಟ್ ಮೇಲೆ ಕಾನೂನಿನ ಬಲವಿಲ್ಲದ ಒತ್ತಾಯವಷ್ಟೇ ಆಗಿದ್ದರೂ, ಶೇಕಡಾ 80ಕ್ಕೂ ಹೆಚ್ಚು ಜನ ಅದರ ಪರ ಮತ ಹಾಕಿದರು. ಇಷ್ಟು ಒಮ್ಮತವನ್ನು ಈ ನಗರ ಬೇರೆ ವಿಷಯಗಳಲ್ಲಿ ಕಂಡದ್ದು ಕಡಿಮೆ.

ಹಾಗಾಗಿ ಶಾಲೆ ಕೊಡದಿದ್ದರೆ ಹೊರಗೆ ಕಲಿಯಲಿ ಎಂಬ ಮಾತು ನನಗೆ ಒಪ್ಪಿಗೆಯಾಗುವುದಿಲ್ಲ. ಶಾಲೆ ಬಾಗಿಲು ಮುಚ್ಚಿದಾಗ ವೇಗದ ಗಣಿತ ನಿಲ್ಲುವುದಿಲ್ಲ, ಅದು ಹಣವಿದ್ದವರ ಪಾಲಾಗುತ್ತದೆ.

ಚಾರ್ಲ್ಸ್ ನದಿಯ ದಂಡೆ (ಬಾಸ್ಟನ್ ಸಮೀಪ)

ಈ ಎರಡು ಅಭಿಪ್ರಾಯಗಳನ್ನು ಓದುತ್ತಿದ್ದಾಗ ನಮ್ಮ ಊರಿನ ಸುತ್ತಮುತ್ತ ನಡೆದ ಎರಡು ಸಂಗತಿಗಳು ನೆನಪಾದವು. ಎರಡೂ ಇದೇ ಅತೃಪ್ತಿಯಿಂದ ಹುಟ್ಟಿದವು, ಎರಡರ ನಡುವೆ ಕೆಲವೇ ಮೈಲಿಗಳ ದೂರವಿದೆ.

ಒಂದು, ಮಲೆನಾಡಿಗ ಅವರು ಹೇಳಿದ ರಷ್ಯನ್ ಸ್ಕೂಲ್. ಸೋವಿಯತ್ ಒಕ್ಕೂಟದಿಂದ ವಲಸೆ ಬಂದ ಇನೆಸ್ಸಾ ರಿಫ್ಕಿನ್ ಮತ್ತು ಐರಿನಾ ಖಾವಿನ್‌ಸನ್ ಎಂಬ ಇಬ್ಬರು ಮಹಿಳೆಯರು, ಇಲ್ಲಿನ ಶಾಲೆಗಳ ಗಣಿತ ತಮ್ಮ ಮಕ್ಕಳಿಗೆ ಸಾಲದೆಂದು ಕಂಡು, 1997ರಲ್ಲಿ ನ್ಯೂಟನ್ ಪಟ್ಟಣದಲ್ಲಿ ಅದನ್ನು ಆರಂಭಿಸಿದರು. ಮನೆಯೊಂದರಲ್ಲಿ ಶುರುವಾದ ಪಾಠ ಇಂದು ದೇಶದ ಅನೇಕ ರಾಜ್ಯಗಳಲ್ಲಿ ಶಾಖೆಗಳಿರುವ ಸಂಸ್ಥೆಯಾಗಿದೆ. ನಮ್ಮ ವಲಸಿಗರ ಮನಸ್ಸಿಗೆ ಈ ಕಥೆ ಬೇಗ ಅರ್ಥವಾಗುತ್ತದೆ.

ಇನ್ನೊಂದು ಕಥೆ ಅದಕ್ಕಿಂತ ಹದಿನೈದು ವರ್ಷ ಹಿಂದಿನದು, ನಮ್ಮಲ್ಲಿ ಹೆಚ್ಚಿನವರು ಕೇಳಿರಲಿಕ್ಕಿಲ್ಲ. 1960ರ ದಶಕದಲ್ಲಿ ಮಿಸಿಸಿಪ್ಪಿಯಲ್ಲಿ ಕಪ್ಪು ಜನರ ಮತದಾನದ ಹಕ್ಕಿಗಾಗಿ ಜೀವವನ್ನೇ ಪಣಕ್ಕಿಟ್ಟು ದುಡಿದ ಬಾಬ್ ಮೋಸಸ್, ಆಮೇಲೆ ಟಾಂಜಾನಿಯಾದಲ್ಲಿ ಗಣಿತ ಕಲಿಸಿ, 1982ರ ಹೊತ್ತಿಗೆ ಕೇಂಬ್ರಿಜ್‌ನಲ್ಲಿ ನೆಲೆಸಿದ್ದರು. ಎಂಟನೇ ತರಗತಿಯಲ್ಲಿದ್ದ ಅವರ ಮಗಳ ಪಬ್ಲಿಕ್ ಶಾಲೆಯಲ್ಲಿ ಆಲ್ಜೀಬ್ರಾ ಇರಲಿಲ್ಲ. ಮನೆಯಲ್ಲಿ ಅಪ್ಪನ ಬಳಿ ಒಂದು ಗಣಿತ, ಶಾಲೆಯಲ್ಲಿ ಇನ್ನೊಂದು ಗಣಿತ ಮಾಡಲು ಮಗಳು ಒಪ್ಪಲಿಲ್ಲ. ಆಗ ಶಿಕ್ಷಕಿ ಮೋಸಸ್ ಅವರನ್ನೇ ತರಗತಿಗೆ ಕರೆದರು. ಅವರು ಮಗಳ ಜೊತೆಗೆ ಬೇರೆ ಕೆಲವು ಮಕ್ಕಳಿಗೂ ಅಲ್ಲೇ ಆಲ್ಜೀಬ್ರಾ ಕಲಿಸಿದರು. ಅದರಿಂದಲೇ ಆಲ್ಜೀಬ್ರಾ ಪ್ರಾಜೆಕ್ಟ್ ಬೆಳೆದು, ಮುಂದೆ ದೇಶದ ದಕ್ಷಿಣದ ಬಡ ಶಾಲೆಗಳಿಗೂ ಹೋಯಿತು. ಮೈನಸ್ ಸಂಖ್ಯೆಗಳು ಅರ್ಥವಾಗದ ಮಕ್ಕಳನ್ನು ಅವರು ಬಾಸ್ಟನ್‌ನ ರೆಡ್ ಲೈನ್ ರೈಲಿನಲ್ಲಿ ಕರೆದೊಯ್ಯುತ್ತಿದ್ದರು. ಒಂದು ನಿಲ್ದಾಣವನ್ನು ಸೊನ್ನೆಯೆಂದಿಟ್ಟುಕೊಂಡು, ಒಂದು ದಿಕ್ಕಿನ ನಿಲ್ದಾಣಗಳನ್ನು ಧನವೆಂದೂ ಎದುರು ದಿಕ್ಕಿನವನ್ನು ಋಣವೆಂದೂ ಎಣಿಸಿದ ಮಕ್ಕಳಿಗೆ, ಎಷ್ಟು ಎಂಬುದರ ಜೊತೆಗೆ ಯಾವ ಕಡೆಗೆ ಎಂಬುದನ್ನೂ ಸಂಖ್ಯೆ ಹೇಳಬಲ್ಲದು ಎಂಬುದು ಹೊಳೆಯುತ್ತಿತ್ತು. ಮೋಸಸ್ 2021ರಲ್ಲಿ ತೀರಿಕೊಂಡರು. ಮತದಾನದಂತೆಯೇ ಆಲ್ಜೀಬ್ರಾವೂ ನಾಗರಿಕ ಹಕ್ಕಿನ ವಿಷಯವೆಂದು ಅವರು ಕೊನೆಯವರೆಗೂ ನಂಬಿದ್ದರು.

ರಿಫ್ಕಿನ್ ಅವರ ದಾರಿಯನ್ನು ನಾನು ಕೀಳಾಗಿ ಕಾಣುತ್ತಿಲ್ಲ. ನನ್ನ ಮಗನೂ ಅಲ್ಲಿ ಕಲಿತಿದ್ದಾನೆ. ಆದರೆ ಗಣಿತ ಬಲ್ಲ ಪೋಷಕರೇ ತುಂಬಿರುವ ನಮ್ಮಂಥ ಸಮುದಾಯದಲ್ಲಿ ಎರಡನೆಯ ದಾರಿಯ ಬಗ್ಗೆ ಮಾತೇ ಬರುವುದಿಲ್ಲ ಎಂಬುದು ನನ್ನ ಕೊರಗು.

ಹೆಬ್ಬಾಗಿಲು (ಮಿಡಲ್ ಸ್ಕೂಲ್ ಗಣಿತ ಶಿಕ್ಷಕಿ, ಕ್ಯಾಲಿಫೋರ್ನಿಯಾ)

ನಾನು ಪಬ್ಲಿಕ್ ಶಾಲೆಯಲ್ಲಿ 7 ಮತ್ತು 8ನೇ ತರಗತಿಗಳಿಗೆ ಗಣಿತ ಕಲಿಸುತ್ತೇನೆ. ಹೊರಗೆ ಕಲಿತು ಬಂದ ಮಕ್ಕಳೂ, ಶಾಲೆಯನ್ನೇ ನಂಬಿದ ಮಕ್ಕಳೂ ದಿನವೂ ನನ್ನ ಮುಂದೆ ಕೂರುತ್ತಾರೆ. ಆದ್ದರಿಂದ ನಾನು ಕಂಡದ್ದನ್ನು ಹೇಳುತ್ತೇನೆ.

ವೇಗವಾಗಿ ಮುಂದೆ ಹೋಗುವುದು ಮಗುವಿಗೆ ಕೆಡುಕು ಎಂಬ ಮಾತನ್ನು ನಾನು ನಂಬುವುದಿಲ್ಲ. ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಜೂಲಿಯನ್ ಸ್ಟ್ಯಾನ್ಲಿ 1971ರಲ್ಲಿ ಆರಂಭಿಸಿ ದಶಕಗಳ ಕಾಲ ಮುಂದುವರಿದ ಅಧ್ಯಯನದಿಂದ ಹಿಡಿದು, ಅಯೋವಾ ವಿಶ್ವವಿದ್ಯಾಲಯದ ಕೇಂದ್ರ 2004 ಮತ್ತು 2015ರಲ್ಲಿ ಹೊರತಂದ ವರದಿಗಳವರೆಗೆ, ನಿಜವಾಗಿ ಸಿದ್ಧವಾಗಿರುವ ಮಗುವನ್ನು ಮುಂದಕ್ಕೆ ಬಿಡುವುದರಿಂದ ಓದಿಗಾಗಲಿ ಮನಸ್ಸಿಗಾಗಲಿ ಹಾನಿಯಿಲ್ಲವೆಂದೇ ಹೇಳುತ್ತವೆ. ಕಷ್ಟವಿರುವುದು ಮಗು ಸಿದ್ಧವಾಗಿದೆಯೇ ಎಂಬುದನ್ನು ತಿಳಿಯುವುದರಲ್ಲಿ.

ಒಂದು ಉದಾಹರಣೆ ಕೊಡುತ್ತೇನೆ. ಮುಕ್ಕಾಲನ್ನು ಅರ್ಧದಿಂದ ಭಾಗಿಸು ಎಂದರೆ, ತಯಾರಿ ಕೇಂದ್ರದಿಂದ ಬಂದ ಮಗು ಕ್ಷಣದಲ್ಲಿ ತಿರುವಿ ಗುಣಿಸಿ ಒಂದೂವರೆ ಎನ್ನುತ್ತದೆ. ಅದೇ ಮಗುವನ್ನು, ಈ ಲೆಕ್ಕ ಬರುವಂಥ ಒಂದು ಸನ್ನಿವೇಶ ಹೇಳು ಎಂದು ಕೇಳಿದರೆ ಎಷ್ಟೋ ಸಲ ಉತ್ತರ ಬರುವುದಿಲ್ಲ. ಮುಕ್ಕಾಲು ಲೀಟರ್ ಹಾಲನ್ನು ಅರ್ಧ ಲೀಟರ್ ಹಿಡಿಯುವ ಪಾತ್ರೆಗಳಿಗೆ ಸುರಿದರೆ ಒಂದೂವರೆ ಪಾತ್ರೆ ತುಂಬುತ್ತದೆ ಎಂದು ತಾನಾಗಿ ಹೇಳುವ ಮಗು, ಅದು ನಿಧಾನವಾಗಿ ಹೇಳಿದರೂ ಸರಿ, ಆಲ್ಜೀಬ್ರಾಕ್ಕೆ ಸಿದ್ಧವಾಗಿದೆ ಎಂದು ನಾನು ಧೈರ್ಯವಾಗಿ ಬರೆದುಕೊಡುತ್ತೇನೆ. ಸಮಯ ನೋಡಿಕೊಂಡು ಬರೆಸುವ, ಉತ್ತರವನ್ನಷ್ಟೇ ನೋಡುವ ಪರೀಕ್ಷೆ ಈ ಇಬ್ಬರಲ್ಲಿ ಮೊದಲನೆಯ ಮಗುವನ್ನೇ ಆರಿಸುತ್ತದೆ.

ಇನ್ನೊಂದು ವಿಷಯ, ಮುಂದಕ್ಕೆ ಹೋಗುವುದೆಂದರೆ ನಡುವಿನದನ್ನು ಹಾರಿಬಿಡುವುದಲ್ಲ. ಕಾಮನ್ ಕೋರ್‌ನಲ್ಲಿ 6ನೇ ತರಗತಿಯ ಅನುಪಾತ, 7ನೇ ತರಗತಿಯ ಸಮಾನುಪಾತ ಮತ್ತು ಋಣ ಸಂಖ್ಯೆಗಳ ಲೆಕ್ಕ, 8ನೇ ತರಗತಿಯ ಸರಳರೇಖೆಯ ಸಮೀಕರಣ, ಫಂಕ್ಷನ್, ಪೈಥಾಗೊರಸ್ ಪ್ರಮೇಯ ಇವೆಲ್ಲ ಒಂದರ ಮೇಲೊಂದು ನಿಂತಿವೆ. ಹಳೆಯ ಪಠ್ಯಕ್ರಮದ ಎಂಟನೇ ತರಗತಿಯಲ್ಲಿ ಪುನರಾವರ್ತನೆ ಹೆಚ್ಚಿತ್ತು, ಹಾರಿದರೂ ನಡೆಯುತ್ತಿತ್ತು. ಈಗ ಹಾರಿದರೆ ಗುಂಡಿಗೆ ಬೀಳುತ್ತಾರೆ. ಆ ಮಾನದಂಡಗಳನ್ನು ರೂಪಿಸಿದವರೇ ಇದಕ್ಕೆ ಪರಿಹಾರವನ್ನು ಸೂಚಿಸಿದ್ದಾರೆ: ಮೂರು ವರ್ಷಗಳ ಪಾಠವನ್ನು ಒಂದನ್ನೂ ಬಿಡದೆ ಎರಡು ವರ್ಷಗಳಲ್ಲಿ ಕಲಿಸುವುದು. ಅದಕ್ಕೆ ಒಳ್ಳೆಯ ಶಿಕ್ಷಕರು ಬೇಕು, ವೇಳಾಪಟ್ಟಿಯಲ್ಲಿ ಜಾಗ ಬೇಕು, ಅದನ್ನು ಕೊಡಬಲ್ಲದ್ದು ಶಾಲೆಯೇ ಹೊರತು ವಾರಕ್ಕೊಮ್ಮೆ ನಡೆಯುವ ಹೊರಗಿನ ತರಗತಿಯಲ್ಲ.

ಎಲ್ಲರನ್ನೂ ಒಟ್ಟಿಗೆ ಮೇಲಕ್ಕೆ ತಳ್ಳುವುದೂ ಉತ್ತರವಲ್ಲ. ಷಿಕಾಗೋ 1997ರಲ್ಲಿ ಒಂಬತ್ತನೇ ತರಗತಿಯ ಎಲ್ಲರಿಗೂ ಆಲ್ಜೀಬ್ರಾ ಕಡ್ಡಾಯ ಮಾಡಿದಾಗ ಅನುತ್ತೀರ್ಣರಾದವರ ಸಂಖ್ಯೆ ಹೆಚ್ಚಿತು, ಕಾಲೇಜಿಗೆ ಹೋಗುವವರ ಸಂಖ್ಯೆ ಹೆಚ್ಚಲಿಲ್ಲ. ಅದೇ ಷಿಕಾಗೋ 2003ರಲ್ಲಿ, ಹಿಂದುಳಿದ ಮಕ್ಕಳಿಗೆ ದಿನಕ್ಕೆ ಎರಡು ಅವಧಿಗಳ ಆಲ್ಜೀಬ್ರಾ ಕೊಡಲು ಶುರುಮಾಡಿದ ಮೇಲೆ, ಆ ಮಕ್ಕಳು ಹೈಸ್ಕೂಲ್ ಮುಗಿಸಿ ಕಾಲೇಜಿಗೆ ಹೋಗುವ ಪ್ರಮಾಣ ಏರಿದ್ದನ್ನು ಮುಂದಿನ ಸಂಶೋಧನೆ ತೋರಿಸಿತು. ಹೆಚ್ಚಿನ ಸಮಯವೂ ಶಾಲೆಯೇ ಕೊಡಬೇಕಾದ ಸಂಪತ್ತು ಎಂಬುದನ್ನು ನಾವು ಮರೆಯಬಾರದು. ಹೊರಗಿನ ತರಗತಿ ಮಾರುವುದೂ ಬಹುಮಟ್ಟಿಗೆ ಸಮಯವನ್ನೇ.

ಪ್ಲೇನೋ ಕನ್ನಡಿಗ (ಟೆಕ್ಸಸ್)

ಶಿಕ್ಷಕಿಯವರ ಮಾತಿಗೆ ಸೇರಿಸಿ ನಮ್ಮ ರಾಜ್ಯದ ಒಂದು ಕಾನೂನನ್ನು ಹೇಳುತ್ತೇನೆ. 2023ರಲ್ಲಿ ಟೆಕ್ಸಸ್ ಶಾಸಕಾಂಗ ಸೆನೆಟ್ ಬಿಲ್ 2124 ಎಂಬ ಮಸೂದೆಯನ್ನು ಅಂಗೀಕರಿಸಿತು. ಅದರ ಪ್ರಕಾರ ಐದನೇ ತರಗತಿಯ ಗಣಿತದ ಸಾಧನೆಯಲ್ಲಿ ಮೇಲಿನ ಶೇಕಡಾ 40ರೊಳಗೆ ಬಂದ ಮಗುವನ್ನು ಆರನೇ ತರಗತಿಯಲ್ಲಿ ಮುಂದುವರಿದ ಗಣಿತಕ್ಕೆ ಶಾಲೆ ತಾನಾಗಿಯೇ ಸೇರಿಸಬೇಕು. ಎಂಟನೇ ತರಗತಿಯಲ್ಲಿ ಆಲ್ಜೀಬ್ರಾ 1 ತಲುಪುವಂತೆ ಮಾಡುವುದು ಗುರಿ. ಪೋಷಕರು ಅರ್ಜಿ ಹಾಕಬೇಕಿಲ್ಲ, ಶಿಕ್ಷಕರ ಶಿಫಾರಸು ಬೇಕಿಲ್ಲ. ಬೇಡವೆನ್ನುವ ಪೋಷಕರು ಮಾತ್ರ ಬರೆದುಕೊಡಬೇಕು.

ಇದು ಚಿಕ್ಕ ಬದಲಾವಣೆಯಂತೆ ಕಾಣುತ್ತದೆ. ಆದರೆ ನಮ್ಮಂಥ ಪೋಷಕರು ಯಾವ ಸಭೆಗೆ ಹೋಗಬೇಕು, ಯಾವ ದಿನಾಂಕದೊಳಗೆ ಯಾವ ನಮೂನೆ ತುಂಬಬೇಕು ಎಂಬುದನ್ನು ವಾಟ್ಸಾಪ್ ಗುಂಪುಗಳಲ್ಲಿ ತಿಳಿದುಕೊಂಡಿರುತ್ತೇವೆ. ಎರಡೆರಡು ಕೆಲಸ ಮಾಡುವ, ಇಂಗ್ಲಿಷ್ ಬಾರದ ತಾಯಿಗೆ ಅದು ತಿಳಿಯುವ ಹೊತ್ತಿಗೆ ದಿನಾಂಕ ಮುಗಿದಿರುತ್ತದೆ. ಡಲ್ಲಾಸ್ ಡಿಸ್ಟ್ರಿಕ್ಟ್ ರಾಜ್ಯದ ಕಾನೂನಿಗಿಂತ ಮೊದಲೇ ಈ ಕ್ರಮವನ್ನು ತಂದಾಗ, ಮುಂದುವರಿದ ಗಣಿತದಲ್ಲಿ ಕಪ್ಪು ಮತ್ತು ಲ್ಯಾಟಿನೋ ಮಕ್ಕಳ ಸಂಖ್ಯೆ ಗಮನಾರ್ಹವಾಗಿ ಏರಿತು. ನಾರ್ತ್ ಕ್ಯಾರೊಲೈನಾದಲ್ಲೂ 2018ರ ಕಾನೂನಿನಂತೆ, ವರ್ಷಾಂತ್ಯದ ಪರೀಕ್ಷೆಯಲ್ಲಿ ಅತ್ಯುನ್ನತ ಮಟ್ಟ ತಲುಪಿದ ಮಗುವಿಗೆ ಮುಂದಿನ ವರ್ಷ ಮುಂದುವರಿದ ಗಣಿತ ಕೊಡಲೇಬೇಕು.

ಹಾಸನದ ಲೆಕ್ಕದ ಮೇಷ್ಟ್ರು (ಸದ್ಯ ಸನಿವೇಲ್‌ನಲ್ಲಿ ಮಗಳ ಮನೆಯಲ್ಲಿ)

ನಾನು ನಿವೃತ್ತ ಹೈಸ್ಕೂಲ್ ಶಿಕ್ಷಕ. ಮೊಮ್ಮಗನ ಹೋಂವರ್ಕ್ ನೋಡುತ್ತ ಈ ಚರ್ಚೆಯ ಬಗ್ಗೆ ಮಗಳಿಂದ ತಿಳಿದೆ. ನಮ್ಮ ಕಡೆಯ ವ್ಯವಸ್ಥೆಯೊಡನೆ ಹೋಲಿಸಿ ಒಂದು ಮಾತು ಹೇಳಬೇಕೆನ್ನಿಸಿತು.

ಕರ್ನಾಟಕದ ಶಾಲೆಗಳಲ್ಲಿ ಎಸ್ಸೆಸ್ಸೆಲ್ಸಿಯವರೆಗೆ ಒಂದು ತರಗತಿಗೆ ಒಂದೇ ಗಣಿತ ಪುಸ್ತಕ. ಮುಂದಕ್ಕೆ ಬಿಡುವುದು, ಹಿಂದಕ್ಕೆ ಇಡುವುದು ಎಂಬ ಪ್ರಶ್ನೆಯೇ ಇಲ್ಲ. ವರ್ಗ ಸಮೀಕರಣವೂ ತ್ರಿಕೋನಮಿತಿಯೂ ಹತ್ತನೇ ತರಗತಿಯ ಎಲ್ಲ ಮಕ್ಕಳಿಗೂ ಬರುತ್ತವೆ. ಪಿಯುಸಿಯಲ್ಲಿ ವಿಜ್ಞಾನದ ಜೊತೆ ಗಣಿತ ತೆಗೆದುಕೊಂಡವರೆಲ್ಲರೂ ಎರಡು ವರ್ಷಗಳಲ್ಲಿ ಕ್ಯಾಲ್ಕುಲಸ್ ಕಲಿಯುತ್ತಾರೆ. ಹನ್ನೆರಡನೇ ತರಗತಿಯಲ್ಲಿ ಕ್ಯಾಲ್ಕುಲಸ್ ಕಲಿಯಲು ಒಂದು ಮಗು ಆರನೇ ತರಗತಿಯಲ್ಲೇ ಪರೀಕ್ಷೆ ಬರೆದು ಗೆದ್ದಿರಬೇಕು ಎಂಬ ಇಲ್ಲಿನ ಕ್ರಮ ನನಗೆ ಮೊದಲು ನಂಬಲಾಗಲಿಲ್ಲ. ಇದು ಪಠ್ಯಕ್ರಮದ ಜೋಡಣೆಯಿಂದ ಬಂದ ತೊಡಕೇ ಹೊರತು ಮಕ್ಕಳ ಸಾಮರ್ಥ್ಯದ ಪ್ರಶ್ನೆಯಲ್ಲ. ಹಾಗೆಂದು ನಮ್ಮ ವ್ಯವಸ್ಥೆ ನ್ಯಾಯವಾದದ್ದೆಂದು ನಾನು ಹೇಳುತ್ತಿಲ್ಲ. ನಮ್ಮಲ್ಲಿ ಆಯ್ಕೆ ಹತ್ತನೇ ತರಗತಿಯ ಆಚೆ ಕಾಯುತ್ತಿರುತ್ತದೆ, ಅಲ್ಲಿ ಕೋಚಿಂಗ್ ಕೇಂದ್ರಗಳ ಶುಲ್ಕವೇ ಗೋಡೆ.

ನಾನು ಹೇಳಬೇಕೆಂದಿದ್ದು ಆಳದ ಬಗ್ಗೆ. ನನ್ನ ತರಗತಿಯಲ್ಲಿ ಮುಂದೆ ಓಡುವ ಮಕ್ಕಳಿಗೆ ನಾನು ಮುಂದಿನ ವರ್ಷದ ಪುಸ್ತಕ ಕೊಡುತ್ತಿರಲಿಲ್ಲ. ಅದೇ ಪಾಠದ ಕಠಿಣ ಸಮಸ್ಯೆ ಕೊಡುತ್ತಿದ್ದೆ. ಒಂದು ಸಂಖ್ಯೆಯ ಅಂಕಿಗಳ ಮೊತ್ತ 9ರಿಂದ ಭಾಗವಾದರೆ ಸಂಖ್ಯೆಯೂ 9ರಿಂದ ಭಾಗವಾಗುತ್ತದೆ ಎಂಬುದನ್ನು ಆರನೇ ತರಗತಿಯ ಮಗುವೂ ಬಲ್ಲದು. ಏಕೆ ಎಂದು ಕೇಳಿದರೆ, 10, 100, 1000 ಎಲ್ಲವೂ 9ರ ಗುಣಕಕ್ಕಿಂತ ಒಂದು ಹೆಚ್ಚು ಎಂಬುದನ್ನು ಕಂಡುಕೊಳ್ಳಲು ಅದಕ್ಕೆ ಒಂದು ವಾರ ಬೇಕಾಗಬಹುದು. ಆ ವಾರದಲ್ಲಿ ಅದು ಕಲಿಯುವ ಬೀಜಗಣಿತ ಯಾವ ಪುಸ್ತಕದ ಅಧ್ಯಾಯಕ್ಕೂ ಕಡಿಮೆಯಲ್ಲ. ಇಲ್ಲಿಯ ಗಣಿತಜ್ಞರ ಸಂಘವೂ ಗಣಿತ ಶಿಕ್ಷಕರ ಮಂಡಳಿಯೂ 2012ರಲ್ಲಿ ಸೇರಿ ಒಂದು ಹೇಳಿಕೆ ಕೊಟ್ಟಿವೆಯೆಂದು ಮಗಳು ಓದಿ ಹೇಳಿದಳು. ಹೈಸ್ಕೂಲ್ ಮುಗಿಯುವುದರೊಳಗೆ ಕ್ಯಾಲ್ಕುಲಸ್ ದಾಟಿಸುವುದೇ ಶಾಲಾ ಗಣಿತದ ಗುರಿಯಾಗಬಾರದು, ಗಟ್ಟಿ ತಳಹದಿ ಗುರಿಯಾಗಬೇಕು ಎಂಬುದು ಅದರ ತಾತ್ಪರ್ಯ. ಅದು ನನಗೆ ಪೂರ್ತಿ ಒಪ್ಪಿಗೆ.

ಮಲೆನಾಡಿಗ (ಸ್ಯಾನ್ ಹೊಸೆ)

ಮೇಷ್ಟ್ರೇ, ನಮಸ್ಕಾರ. ನಿಮ್ಮಂಥ ಶಿಕ್ಷಕರು ಇದ್ದ ಶಾಲೆಗೆ ಹೊರಗಿನ ತರಗತಿ ಬೇಕಾಗಿರಲಿಲ್ಲ ಎಂಬುದು ನಿಜ. ಇಲ್ಲಿ ನಾವು ಹೊರಗೆ ಹುಡುಕಿಕೊಂಡು ಹೋದದ್ದೂ ಅದನ್ನೇ. ಸ್ಯಾನ್ ಫ್ರಾನ್ಸಿಸ್ಕೊದ ಮೇಡಂ ಬರೆದದ್ದನ್ನು ಓದಿದ ಮೇಲೆ, ಶಾಲೆಯೊಳಗಿನ ದಾರಿ ತೆರೆದಿರಲೇಬೇಕು ಎಂಬುದನ್ನು ಒಪ್ಪುತ್ತೇನೆ. ಆದರೂ ಹೊರಗಿನ ತರಗತಿಗಳೆಲ್ಲ ಹಣದ ವ್ಯವಹಾರವಲ್ಲ ಎಂಬುದನ್ನು ಸೇರಿಸಬೇಕು. 1998ರಿಂದ ನಡೆಯುತ್ತಿರುವ ಬರ್ಕ್ಲಿ ಮ್ಯಾಥ್ ಸರ್ಕಲ್‌ನಂಥ ಕೂಟಗಳಲ್ಲಿ ಗಣಿತಜ್ಞರೇ ಮಕ್ಕಳೊಡನೆ ಕೂರುತ್ತಾರೆ. ಜೂಲಿಯಾ ರಾಬಿನ್‌ಸನ್ ಗಣಿತ ಉತ್ಸವಗಳಲ್ಲಿ ಸ್ಪರ್ಧೆಯೂ ಇಲ್ಲ, ಬಹುಮಾನವೂ ಇಲ್ಲ, ಮೇಜಿನ ಮೇಲೆ ಒಂದು ಒಗಟು, ಸುತ್ತ ಮಕ್ಕಳು. ನ್ಯೂಯಾರ್ಕ್‌ನಲ್ಲಿ 2011ರಿಂದ ನಡೆಯುತ್ತಿರುವ ಬೀಮ್ ಎಂಬ ಕಾರ್ಯಕ್ರಮ ಕಡಿಮೆ ಆದಾಯದ ಮನೆಗಳ ಮಿಡಲ್ ಸ್ಕೂಲ್ ಮಕ್ಕಳನ್ನೇ ಹುಡುಕಿ ಕರೆದು ಬೇಸಿಗೆಯಲ್ಲಿ ಆಳವಾದ ಗಣಿತ ಕಲಿಸುತ್ತದೆ. ಹೊರಗಿನ ತರಗತಿ ಹೀಗಿರಬೇಕು.

ಕಾವೇರಿತೀರ (ಈಸ್ಟ್ ಬೇ)

ಎಲ್ಲರಿಗೂ ಕೃತಜ್ಞತೆಗಳು. ಇಷ್ಟು ಓದಿದ ಮೇಲೆ ನನ್ನ ಮನಸ್ಸು ಒಂದು ನಿಲುವಿಗೆ ಬಂದಿದೆ. ಮುಂದಿನ ವರ್ಷದ ಪಾಠವನ್ನು ಹಣ ಕೊಟ್ಟು ಮೊದಲೇ ಕೊಳ್ಳುವ ಕೇಂದ್ರಕ್ಕೆ ಮಗಳನ್ನು ಕಳಿಸುವುದಿಲ್ಲ. ಮನೆಯಲ್ಲಿ ಮೇಷ್ಟ್ರು ಹೇಳಿದ ಬಗೆಯ ಸಮಸ್ಯೆಗಳು, ಸಾಧ್ಯವಾದರೆ ಒಂದು ಮ್ಯಾಥ್ ಸರ್ಕಲ್, ಅಷ್ಟು ಸಾಕು. ಆಲ್ಜೀಬ್ರಾದ ದಾರಿಯನ್ನು ಮಾತ್ರ ಶಾಲೆಯಿಂದಲೇ ಕೇಳುತ್ತೇನೆ, ಅದೂ ನನ್ನ ಮಗಳಿಗೆಂದು ಮಾತ್ರವಲ್ಲ.

ಬಾಬ್ ಮೋಸಸ್ ಅವರ ಕಥೆ ನನ್ನನ್ನು ತುಂಬ ಕಾಡಿತು. ನಾನು ಸಾಫ್ಟ್‌ವೇರ್ ಎಂಜಿನಿಯರ್, ಗಣಿತ ಮರೆತಿಲ್ಲ. ಶಾಲೆಯ ಪ್ರಿನ್ಸಿಪಾಲರನ್ನು ಕಂಡು, ಶಾಲೆ ಬಿಟ್ಟ ಮೇಲೆ ವಾರಕ್ಕೊಮ್ಮೆ ಐದನೇ ತರಗತಿಯ ಯಾವ ಮಗು ಬೇಕಾದರೂ ಬರಬಹುದಾದ ಗಣಿತ ಕೂಟವನ್ನು ಶುಲ್ಕವಿಲ್ಲದೆ ನಡೆಸಲು ಅನುಮತಿ ಕೇಳಿದ್ದೇನೆ. ಹೆಬ್ಬಾಗಿಲು ಮೇಡಂ, ಡಿಸ್ಟ್ರಿಕ್ಟ್‌ಗೆ ಬರೆಯುವ ಪತ್ರದಲ್ಲಿ ಏನೇನು ಕೇಳಬಹುದೆಂದು ದಯವಿಟ್ಟು ತಿಳಿಸುವಿರಾ?

ಹೆಬ್ಬಾಗಿಲು (ಮಿಡಲ್ ಸ್ಕೂಲ್ ಗಣಿತ ಶಿಕ್ಷಕಿ)

ಖಂಡಿತವಾಗಿ. ಮೊದಲು ಕಾನೂನು ಏನು ಹೇಳುತ್ತದೆ ಎಂಬುದು ಗೊತ್ತಿರಲಿ. ಕ್ಯಾಲಿಫೋರ್ನಿಯಾದಲ್ಲಿ 2015ರಲ್ಲಿ ಅಂಗೀಕಾರವಾದ ಗಣಿತ ಪ್ಲೇಸ್‌ಮೆಂಟ್ ಕಾಯ್ದೆ, ಅಂದರೆ ಯಾವ ಮಗು ಯಾವ ಗಣಿತ ತರಗತಿಗೆ ಸೇರಬೇಕೆಂದು ನಿರ್ಧರಿಸುವ ಕ್ರಮದ ಕಾಯ್ದೆ, ಒಂಬತ್ತನೇ ತರಗತಿಗೆ ಸೇರುವ ಮಕ್ಕಳಿಗೆ ಅನ್ವಯಿಸುತ್ತದೆ. ಒಂದೇ ಪರೀಕ್ಷೆಯನ್ನು ನೆಚ್ಚದೆ ಹಲವು ವಸ್ತುನಿಷ್ಠ ಅಳತೆಗಳನ್ನು ಬಳಸಬೇಕು, ಶಾಲೆ ಆರಂಭವಾದ ಮೊದಲ ತಿಂಗಳೊಳಗೆ ಮಗು ಸರಿಯಾದ ತರಗತಿಯಲ್ಲಿದೆಯೇ ಎಂದು ಮತ್ತೊಮ್ಮೆ ನೋಡಬೇಕು, ಯಾವ ಗುಂಪಿನ ಮಕ್ಕಳೂ ಅರ್ಹತೆಯಿದ್ದು ಹಿಂದುಳಿಯುತ್ತಿಲ್ಲವೆಂದು ಪ್ರತಿ ವರ್ಷ ಪರಿಶೀಲಿಸಬೇಕು, ನಿರ್ಧಾರವನ್ನು ಪ್ರಶ್ನಿಸಲು ಪೋಷಕರಿಗೆ ದಾರಿಯಿರಬೇಕು ಎನ್ನುತ್ತದೆ. 2023ರ ಜುಲೈನಲ್ಲಿ ರಾಜ್ಯ ಮಂಡಳಿ ಒಪ್ಪಿದ ಗಣಿತ ಮಾರ್ಗಸೂಚಿ ಸಲಹೆಯ ರೂಪದ್ದು, ಎಂಟನೇ ತರಗತಿಯ ಆಲ್ಜೀಬ್ರಾವನ್ನು ಅದು ನಿಷೇಧಿಸುವುದಿಲ್ಲ. ಡಿಸ್ಟ್ರಿಕ್ಟ್‌ನವರು ರಾಜ್ಯದ ಮಾರ್ಗಸೂಚಿಯೇ ಅಡ್ಡಿ ಎಂದರೆ ಈ ಮಾತನ್ನು ಗೌರವದಿಂದ ನೆನಪಿಸಿ.

ಮಿಡಲ್ ಸ್ಕೂಲಿನ ಆಯ್ಕೆ ಆ ಕಾಯ್ದೆಯ ವ್ಯಾಪ್ತಿಗೆ ನೇರವಾಗಿ ಬರುವುದಿಲ್ಲ. ಆದ್ದರಿಂದ ಅದೇ ತತ್ವಗಳನ್ನು ಆರನೇ ತರಗತಿಗೂ ಪಾಲಿಸಿ ಎಂದು ಕೇಳಿ. ಪರೀಕ್ಷೆಯಲ್ಲಿ ಆ ವರ್ಷ ಶಾಲೆಯಲ್ಲಿ ಕಲಿಸಿದ ಪಾಠದ ಆಚೆಯ ಪ್ರಶ್ನೆಗಳಿವೆಯೇ ಎಂದು ಕೇಳಿ, ಏಕೆಂದರೆ ಅಂಥ ಒಂದೊಂದು ಪ್ರಶ್ನೆಯೂ ಹೊರಗೆ ಕಲಿಯಲಾಗದ ಮಗುವನ್ನು ಹೊರಗಿಡುತ್ತದೆ. ಎಲ್ಲ ಮಕ್ಕಳನ್ನೂ ಶಾಲೆಯ ವೇಳೆಯಲ್ಲೇ ಪರೀಕ್ಷಿಸಲಿ, ಟೆಕ್ಸಸ್‌ನಂತೆ ಅರ್ಹರಾದವರನ್ನು ತಾನಾಗಿ ಸೇರಿಸಲಿ. ಆರರಲ್ಲಿ ತಪ್ಪಿಹೋದ ಮಗುವಿಗೆ ಏಳರಲ್ಲಿ, ಎಂಟರಲ್ಲಿ, ಒಂಬತ್ತರಲ್ಲಿ ಸೇರಲು ಬೇಸಿಗೆ ತರಗತಿಯನ್ನು ಡಿಸ್ಟ್ರಿಕ್ಟ್ ಶುಲ್ಕವಿಲ್ಲದೆ ನಡೆಸಲಿ. ಇದು ಎಲ್ಲಕ್ಕಿಂತ ಮುಖ್ಯವಾದ ಬೇಡಿಕೆ. ಹನ್ನೊಂದನೇ ವಯಸ್ಸಿನಲ್ಲಿ ನಿಧಾನವಾಗಿದ್ದು ಹದಿಮೂರರಲ್ಲಿ ಅರಳಿದ ಮಕ್ಕಳನ್ನು ನಾನು ಪ್ರತಿ ವರ್ಷ ಕಾಣುತ್ತೇನೆ, ಮತ್ತು ಅವರಲ್ಲಿ ಅನೇಕರಿಗೆ ಹಿಂದಿರುಗಿ ಸೇರಲು ಇಂದು ದಾರಿಯಿಲ್ಲ.

ಪತ್ರವನ್ನು ಒಬ್ಬರೇ ಬರೆಯಬೇಡಿ. ಪಕ್ಕದಲ್ಲಿ ಕೂರುವ ಹುಡುಗನ ತಾಯಿಯನ್ನೂ ಕೇಳಿ, ಅವರ ಭಾಷೆಯಲ್ಲೂ ಪತ್ರ ಸಿದ್ಧವಾಗಲಿ. ಬಜೆಟ್ ಚರ್ಚೆಗಳು ವಸಂತದಲ್ಲಿ ಮುಗಿಯುವುದರಿಂದ ಅದಕ್ಕಿಂತ ಮೊದಲೇ ಶಾಲಾ ಮಂಡಳಿಯ ಸಭೆಯಲ್ಲಿ ಸಾರ್ವಜನಿಕರ ಮಾತಿನ ಸಮಯದಲ್ಲಿ ಅದನ್ನು ಓದಿ. ಕರಡು ಸಿದ್ಧವಾದಾಗ ಇಲ್ಲಿ ಹಾಕಿದರೆ ತಿದ್ದಿಕೊಡುತ್ತೇನೆ. ಗಣಿತ ಕೂಟದ ಮೊದಲ ಕೆಲವು ವಾರಗಳಿಗೆ ಬೇಕಾದ ಸಮಸ್ಯೆಗಳನ್ನೂ ಕಳಿಸುತ್ತೇನೆ.